ವೈಜನಾಥರ ನಂಬರು

ಅಂಬಡ್, ನಾಶಿಕ
ಜೂನ್ ೨೦೨೧

ಶೇಂದ್ರಾದ ಸಂಗಮ್ಮನವರಿಗೆ ಜಗದೇವಿಯ ಶರಣುಗಳು.

ಲಾಕ್‌ಡೌನಿನಲ್ಲಿ ನಿಂತುಹೋಗಿದ್ದ ನಮ್ಮ ಎರಡೂ ಊರುಗಳ ಭಜನೆಯನ್ನು ಫೋನಿನಲ್ಲಿ ಕೂಡಿಸಿದವರು ನಿಮ್ಮ ಯಜಮಾನರು ವೈಜನಾಥರು. ದನಿಗಳು ಹಿಂದುಮುಂದಾದಾಗ, "ಒಬ್ಬರು ಹಾಡ್ರಿ, ಉಳದವ್ರು ಮನ್ಯಾಗೇ ತಾಳ ಹಾಕ್ರಿ" ಎಂದು ದಾರಿ ತೋರಿಸಿದರು.

ಕಡೆಯ ಸೋಮವಾರ ಅವರು ಹಾಡುತ್ತ ಕೆಮ್ಮಿದರು. "ಸಾಕ್ರಿ, ದಮ್ಮು ಹತ್ತಲತ್ತದ" ಎಂದರು. "ಇನ್ನೊಂದೇ ಪದ ಹೇಳ್ರಿ ಅಣ್ಣಾ" ಎಂದವಳು ನಾನು. ಅವರು ಹೇಳಿದರು. ಹತ್ತು ದಿನಕ್ಕೆ ಆಸ್ಪತ್ರೆಯಿಂದ ಅವರು ಹೋದ ಸುದ್ದಿ ಬಂತು. ನಾನು ಹಾಗೆ ಒತ್ತಾಯಿಸಿದ್ದನ್ನು ನಿಮ್ಮಿಂದ ಮುಚ್ಚಿಡಲಾರೆ.

ಅವರ ನಂಬರನ್ನು ಗುಂಪಿನಿಂದ ತೆಗೆಯಲು ಹೇಳಿದ್ದಿರಿ. ತೆಗೆದಿಲ್ಲ, ಕ್ಷಮಿಸಿರಿ. ಅಂದು ಅವರು ಹೇಳಿದ ಪದದ ಕೊನೆಯ ನುಡಿ ನಮ್ಮಲ್ಲಿ ಯಾರಿಗೂ ಬಾರದು. ನಿಮಗೆ ಬರುತ್ತದೆಂದು ಅವರೇ ಹೇಳಿದ್ದರು. ಸೋಮವಾರ ಸಂಜೆ ಅದೇ ನಂಬರಿಗೆ ಕರೆ ಮಾಡುತ್ತೇವೆ. ಹಾಡಲಾಗದಿದ್ದರೆ ಫೋನ್ ಎತ್ತಿದರೂ ಸಾಕು.

ನಿಮ್ಮ ತಂಗಿಯಂಥವಳು,
ಜಗದೇವಿ