ಲಿಂಕ್ ಕೊಡದ ಫೈಲು

ಅಕ್ಟೋಬರ್ 27, ಮಂಗಳವಾರ. ಸಂಜೆ 5.40

ಫೈಲು ಏರಿಸಿಯಾಯಿತು. ನಾಳೆ ನಾಲ್ಕಕ್ಕೆ ಬೋರ್ಡ್ ಮೀಟಿಂಗ್. ನಾಲ್ಕೂವರೆಗೆ ತ್ರೈಮಾಸಿಕ ಫಲಿತಾಂಶ ನಮ್ಮ ವೆಬ್‌ಸೈಟಿನ ಹೂಡಿಕೆದಾರರ ಪುಟದಲ್ಲಿ ಕಾಣಬೇಕು. ದೊಡ್ಡ ಫಂಡಿನವರಿಗೂ ಹತ್ತು ಷೇರಿನವರಿಗೂ ಒಂದೇ ನಿಮಿಷಕ್ಕೆ — ಆ ನಿಯಮ ತಂದವಳು ನಾನೇ. ಹಿಂದಿನ ಸಂಜೆಯೇ ಸರ್ವರಿಗೆ ಹಾಕಿಡುವುದೂ ನನ್ನದೇ ಪದ್ಧತಿ. ಒಮ್ಮೆ ಕೊನೇ ಗಳಿಗೆಯಲ್ಲಿ ಸರ್ವರ್ ಕೈಕೊಟ್ಟು ಮಾನ ಹೋಗಿತ್ತು. ಫೈಲಿನ ಹೆಸರು ಹಳೆಯ ಮಾದರಿಯದೇ, ಕೊನೆಯ ಅಂಕಿ ಮಾತ್ರ ಬದಲು. ಪುಟದಲ್ಲಿ ಇನ್ನೂ ಲಿಂಕ್ ಕೊಟ್ಟಿಲ್ಲ. ಲಿಂಕ್ ಇಲ್ಲದೆ ಯಾರಿಗೂ ಕಾಣುವುದಿಲ್ಲ.

ಈ ಸಲ ನಷ್ಟ. ಹತ್ತು ವರ್ಷದಲ್ಲಿ ಮೊದಲನೆಯದು. ನೀರೆತ್ತುವ ಪಂಪ್ ತಯಾರಿಸುವ ಕಂಪನಿಯೇ ಮುಳುಗುತ್ತಿದೆ ಎಂದು ಆಫೀಸ್ ಕಾರಿನ ಡ್ರೈವರ್ ತಮಾಷೆ ಮಾಡುತ್ತಾನೆ, ಪೂರ್ತಿ ಗೊತ್ತಿಲ್ಲದೆಯೇ.

ಕರಡು ತಿದ್ದುವ ಅಕ್ಕ ಇವತ್ತೂ ಮೂರು ತಪ್ಪು ಹಿಡಿದರು. ಆಫೀಸಿಗೆಲ್ಲ ಅವರು ‘ಅಲ್ಪವಿರಾಮ’, ನನಗೆ ಅಕ್ಕ. ಹನ್ನೊಂದು ವರ್ಷದಿಂದ ಒಂದೇ ಮೇಜಿನಲ್ಲಿ ಊಟ. ಮಧ್ಯಾಹ್ನ ಮಾತ್ರ ಒಂದು ವಿಚಿತ್ರ ಕಂಡೆ. ಫಲಿತಾಂಶದ ಹಾಳೆಯ ಮೇಲೆ ಫೋನ್ ಹಿಡಿದು ಫೋಟೊ ತೆಗೆಯುತ್ತಿದ್ದರು. ನನ್ನನ್ನು ನೋಡಿದ್ದೇ ಫೋನನ್ನು ಚೀಲಕ್ಕೆ ತುರುಕಿದರು. ಕೇಳಬೇಕೆನಿಸಿತು. ಕೇಳಲಿಲ್ಲ.

ಅಕ್ಟೋಬರ್ 28. ಮಧ್ಯಾಹ್ನ 1.15

ಬೆಳಿಗ್ಗೆಯಿಂದ ಷೇರು ಬೀಳುತ್ತಿದೆ. ಮೀಟಿಂಗ್ ಇನ್ನೂ ಶುರುವಾಗಿಲ್ಲ. ಡ್ರೈವರ್‌ನ ಫೋನಿಗೆ ಯಾರೋ ಕಳಿಸಿದ ಮೆಸೇಜಿನಲ್ಲಿ ನಷ್ಟದ ಅಂಕಿ ಇದೆ — ಅಂದಾಜಲ್ಲ, ದಶಮಾಂಶ ಸಮೇತ. ಎರಡು ಸಲ ಓದಿದೆ.

“ಮೇಡಂ, ಇದು ನಿಜಾನಾ?” ಅಂದ.

“ನನಗೇನು ಗೊತ್ತು,” ಅಂದೆ. ಧ್ವನಿ ನನ್ನದೇ ಅನಿಸಲಿಲ್ಲ.

ಅಕ್ಟೋಬರ್ 30. ಸಂಜೆ

ಅಂಕಿ ಹೊರಬಿದ್ದದ್ದು ಹೇಗೆಂದು ಕೇಳಲು ಕಂಪನಿ ಸೆಕ್ರೆಟರಿ ಒಬ್ಬೊಬ್ಬರನ್ನೇ ಒಳಗೆ ಕರೆಯುತ್ತಿದ್ದಾರೆ. ಆ ಅಂಕಿ ಮೊದಲೇ ಗೊತ್ತಿದ್ದವರು ಅಕೌಂಟ್ಸಿನ ಇಬ್ಬರು, ಅಕ್ಕ, ನಾನು. ಮೇಲಿನವರನ್ನು ಕೇಳುವಂತಿಲ್ಲವಲ್ಲ. “ಬೇಲಿಯೇ ಎದ್ದು ಹೊಲ ಮೇಯ್ದಿದೆ ಮೇಡಂ,” ಎಂದರು ಸೆಕ್ರೆಟರಿ. ಹೇಳುವಾಗ ನನ್ನನ್ನೇ ಯಾಕೆ ನೋಡಬೇಕಿತ್ತು?

ಮನೆಗೆ ಬಂದರೆ ಇನ್ನೊಂದು. ಮೈದುನ ಬುಧವಾರ ಬೆಳಿಗ್ಗೆ ನಮ್ಮ ಕಂಪನಿಯ ಷೇರು ಅಷ್ಟನ್ನೂ ಮಾರಿದ್ದಾನಂತೆ. ಟೀ ಕುಡಿಯುತ್ತ ಹೇಳಿದ, ಹವಾಮಾನ ಹೇಳಿದ ಹಾಗೆ.

“ಯಾಕೆ ಮಾರಿದೆ?”

“ಸೆಕೆಂಡ್ ಹ್ಯಾಂಡ್ ಕಾರು ನೋಡಿದ್ದೆ ಅಂದಿರ್ಲಿಲ್ವಾ ಅತ್ತಿಗೆ? ಅಡ್ವಾನ್ಸ್ ಕೊಡ್ಬೇಕಿತ್ತು.”

ಬುಧವಾರವೇ? ಸೋಮವಾರ ನಾನು ಕರಡನ್ನು ಮನೆಗೆ ತಂದಿದ್ದೆ, ಊಟದ ಮೇಜಿನ ಮೇಲೆ ಇಟ್ಟಿದ್ದೆ. ಇವರಿಗೆ ಹೇಳಿದರೆ ನಕ್ಕರು. “ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿ ಹೋಯ್ತು. ನೀನು ಮೊಸರಲ್ಲಿ ಕಲ್ಲು ಹುಡುಕೋಳು.” ತಮ್ಮನ ಪರ ಮಾತಾಡದೆ ಇನ್ನೇನು. ಆದರೆ ಆಫೀಸಿನವರು ಮೈದುನನ ಹೆಸರು ಹುಡುಕಿ ತೆಗೆದರೆ? ಮನೆ ಮಂದಿಯೆಲ್ಲ ಬೀದಿಗೆ.

ನವೆಂಬರ್ 2, ಸೋಮವಾರ

ಎರಡನೇ ಸಲ ಕರೆದರು. “ನಿಮ್ಮ ಮನೇಲಿ ಯಾರಾದ್ರೂ ನಮ್ಮ ಷೇರು ಇಟ್ಟಿದಾರಾ?” ಎಂದು ಸೆಕ್ರೆಟರಿ ಪೆನ್ನು ತಿರುಗಿಸುತ್ತ ಕೇಳಿದರು.

ಆಗ ಹೇಳಿದೆ. ಕೇಳಿದ ಪ್ರಶ್ನೆಗೆ ಉತ್ತರವೇ ಅಲ್ಲ ಅದು. ಅಕ್ಕ ಫೋಟೊ ತೆಗೆದದ್ದು, ಫೋನ್ ಅಡಗಿಸಿದ್ದು. ಅವರು ಪೆನ್ನು ಕೆಳಗಿಟ್ಟು ಬರೆಯಲು ಹಾಳೆ ಎಳೆದುಕೊಂಡರು. ಮನೆಯ ಪ್ರಶ್ನೆ ಅಲ್ಲಿಗೇ ನಿಂತಿತು.

ಸುಳ್ಳು ಹೇಳಿಲ್ಲ. ಕಂಡದ್ದನ್ನೇ ಹೇಳಿದ್ದೇನೆ. ಫೋಟೊ ತೆಗೆದದ್ದು ನಿಜ ತಾನೇ.

ನವೆಂಬರ್ 9

ಅಕ್ಕನಿಂದ ರಾಜೀನಾಮೆ ಬರೆಸಿಕೊಂಡರು. ಪೊಲೀಸ್ ಬೇಡ ಅಂದದ್ದೇ ದೊಡ್ಡ ಉಪಕಾರವಂತೆ. ಫೋನಿನಲ್ಲಿ ಹಾಳೆಗಳ ಫೋಟೊ ಸಿಕ್ಕಿವೆ, ಮೂರು ವರ್ಷದ್ದು. ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳಿತ್ತು. ಮಗಳದು ಕಾಲೇಜು ಕೊನೇ ವರ್ಷ.

ಮೂರು ವರ್ಷದ ಫೋಟೊ! ನನ್ನ ಅನುಮಾನ ಸರಿಯೇ ಆಯಿತಲ್ಲ. ಹಾಗಿದ್ದೂ ಊಟದ ಡಬ್ಬಿ ತೆರೆಯಲಾಗಲಿಲ್ಲ. ಎದುರಿನ ಕುರ್ಚಿ ಖಾಲಿ. ಡಬ್ಬಿಯನ್ನು ಹಾಗೇ ಮನೆಗೆ ತಂದೆ.

ನವೆಂಬರ್ 20, ಶುಕ್ರವಾರ. ಮಧ್ಯಾಹ್ನ 3.00

ಹೂಡಿಕೆದಾರರ ಮೇಲ್‌ಗಳನ್ನು ಇವತ್ತು ತೆರೆದೆ. ‘ಎರಡು ದಿನದೊಳಗೆ ಉತ್ತರಿಸುತ್ತೇವೆ’ ಎಂದು ವೆಬ್‌ಸೈಟಿನಲ್ಲಿ ನಾನೇ ಬರೆದದ್ದು. ಮೂರು ವಾರವಾಗಿತ್ತು. ಕಳ್ಳರನ್ನು ಹಿಡಿಯುವ ಸಂಭ್ರಮದಲ್ಲಿ ಇದ್ದೆನಲ್ಲ.

ಅರವತ್ತೆರಡು ಮೇಲ್. ಕೆಳಗಿನಿಂದ ನಾಲ್ಕನೆಯದು ಅಕ್ಟೋಬರ್ 28ರ ಬೆಳಿಗ್ಗೆ ಒಂಬತ್ತರದು. ಹಾಗೇ ಇಲ್ಲಿ ಬರೆದಿಡುತ್ತೇನೆ —

‘ನಮಸ್ಕಾರ. ನಾನು ನಿವೃತ್ತ ಗಣಿತದ ಮೇಷ್ಟ್ರು, ನಿಮ್ಮ ಸಣ್ಣ ಷೇರುದಾರ. ನಿಮ್ಮ ಫೈಲುಗಳ ವಿಳಾಸದಲ್ಲಿ ಕೊನೆಯ ಅಂಕಿ ಒಂದೊಂದೇ ಹೆಚ್ಚುವುದನ್ನು ಗಮನಿಸಿದ್ದೆ. ನಿನ್ನೆ ಸಂಜೆ ಸುಮ್ಮನೆ ಮುಂದಿನ ಅಂಕಿ ಹಾಕಿ ನೋಡಿದೆ, ತೆರೆಯಿತು. ನಮ್ಮಂಥವರು ಓದಿಕೊಳ್ಳಲೆಂದು ಒಂದು ದಿನ ಮೊದಲೇ ಇಟ್ಟ ನಿಮ್ಮ ಕಾಳಜಿಗೆ ಧನ್ಯವಾದಗಳು. ವಾಕಿಂಗ್ ಗೆಳೆಯರಿಗೂ ಕಳಿಸಿದ್ದೇನೆ. ನಷ್ಟ ನೋಡಿ ಬೇಸರವಾಯಿತು. ಧೈರ್ಯಗೆಡಬೇಡಿ.’

ಸರ್ವರಿನ ದಾಖಲೆ ತೆಗೆದು ನೋಡಿದೆ. 27ರ ಸಂಜೆ 6.20, ಹೊರಗಿನಿಂದ ಒಬ್ಬರು. ಮರುದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನಾನೂರು ಜನ.

ಲಿಂಕ್ ಇಲ್ಲದಿದ್ದರೆ ಕಾಣುವುದಿಲ್ಲ ಎಂದುಕೊಂಡಿದ್ದೆ. ಇಷ್ಟು ವರ್ಷ.

ಮೈದುನ ಅಲ್ಲ. ಅಕೌಂಟ್ಸಿನವರಲ್ಲ. ಅಕ್ಕ ಅಲ್ಲ. ನನ್ನ ಎಲೆಯಲ್ಲಿ ಕತ್ತೆ ಸತ್ತು ಬಿದ್ದಿತ್ತು, ನಾನು ಪರರ ಎಲೆಯ ನೊಣ ಓಡಿಸುತ್ತಿದ್ದೆ.

ನವೆಂಬರ್ 22, ಭಾನುವಾರ

ಹೇಳಿಯೇ ಬರುವುದೆಂದು ಅಕ್ಕನ ಮನೆಗೆ ಹೋದೆ. ಎರಡನೇ ಮಹಡಿ, ಒಂದು ರೂಮು, ಒಂದು ಅಡಿಗೆಮನೆ. ಕಿಟಕಿಯ ಹತ್ತಿರ ಕೂತು ಯಾರದೋ ಮದುವೆ ಪತ್ರಿಕೆ ತಿದ್ದುತ್ತಿದ್ದರು. ಹಾಳೆಯ ಫೋಟೊ ತೆಗೆದು, ಫೋನಿನಲ್ಲಿ ಅಕ್ಷರ ಹಿಗ್ಗಿಸಿ, ಒಂದೊಂದೇ ಸಾಲು.

“ಕಣ್ಣಿಗೆ ಪೊರೆ ಬಂದಿದೆ ಕಣೆ. ಮೂರು ವರ್ಷ ಆಯ್ತು,” ಎಂದರು. “ಕರಡು ತಿದ್ದೋಳಿಗೆ ಕಣ್ಣು ಕಾಣಲ್ಲ ಅಂತ ಗೊತ್ತಾದ್ರೆ ಇಟ್ಕೋತಾರಾ? ಅದಕ್ಕೇ ಮುಚ್ಚಿಟ್ಟಿದ್ದೆ. ವಿಚಾರಣೇಲೂ ಹೇಳ್ಲಿಲ್ಲ. ಕಳ್ಳಿ ಅನ್ನಿಸ್ಕೊಂಡೇ ಹೊರಗೆ ಬಂದೆ ನೋಡು.”

“ಹೇಳ್ಬಹುದಿತ್ತಲ್ಲ ಅಕ್ಕಾ.”

“ಹೇಳಿದ್ರೂ ಯಾರು ನಂಬ್ತಿದ್ರು? ಯಾರೋ ಕಣ್ಣಾರೆ ಕಂಡೆ ಅಂದಿದಾರಂತೆ.” ನನ್ನ ಕೈ ಹಿಡಿದುಕೊಂಡರು. “ಇಷ್ಟು ದಿನ ಆಯ್ತು, ಆಫೀಸಿಂದ ಒಂದು ನರಪಿಳ್ಳೆ ಬಂದಿಲ್ಲ. ನೀನೊಬ್ಳೇ ಬಂದಿದ್ದು. ನನಗೆ ಗೊತ್ತಿತ್ತು, ನೀನು ನನ್ನ ಅನುಮಾನಿಸಲ್ಲ ಅಂತ.”

ಮಗಳು ಕಾಫಿ ತಂದಳು. ಕುಡಿದೆ. ಲೋಟ ತೊಳೆದಿಟ್ಟೆ. ಹೇಳಲಿಲ್ಲ. ಮೆಟ್ಟಿಲಿಳಿಯುವಾಗ ನನ್ನ ಬಗ್ಗೆ ನನಗೇ ಅಸಹ್ಯವಾಯಿತು.

ನವೆಂಬರ್ 23, ಸೋಮವಾರ. ಬೆಳಿಗ್ಗೆ 10.30

ಮೇಷ್ಟ್ರ ಮೇಲ್, ಸರ್ವರಿನ ದಾಖಲೆ, ಎರಡನ್ನೂ ಸೆಕ್ರೆಟರಿಯ ಮುಂದಿಟ್ಟೆ. ಓದಿದರು. ಎದ್ದು ಬಾಗಿಲು ಹಾಕಿದರು.

“ಇದನ್ನ ಬೇರೆ ಯಾರು ನೋಡಿದಾರೆ?”

“ಯಾರೂ ಇಲ್ಲ.”

“ಮುಗಿದ ಕಥೆ ಮೇಡಂ, ಯಾಕೆ ಕೆದಕ್ತೀರಿ? ಬೋರ್ಡಿಗೆ ವರದಿ ಹೋಗಿದೆ. ಕಂಪನಿ ಬಾಗಿಲು ತೆರೆದಿಟ್ಕೊಂಡು ಮಲಗಿತ್ತು ಅಂದ್ರೆ ಯಾವ ಹೂಡಿಕೆದಾರ ನಂಬ್ತಾನೆ? ಮೇಲ್ ಅಳಿಸಿ. ಇನ್ಮೇಲೆ ಫೈಲಿಗೆ ಬೇರೆ ಥರ ಹೆಸರಿಡಿ. ನಿಮ್ಮ ಕೆಲಸಕ್ಕೇನೂ ತೊಂದ್ರೆ ಆಗಲ್ಲ.”

ಒಂದು ಕ್ಷಣ ಹಾಯೆನಿಸಿತು. ಅದನ್ನೂ ಬರೆದಿಡಬೇಕು, ಯಾರೂ ಓದದ ಪುಸ್ತಕವಾದರೂ.

11.20

ಅಳಿಸಲಿಲ್ಲ. ನಮ್ಮದೇ ವೆಬ್‌ಸೈಟಿನ ಮೂಲೆಯಲ್ಲಿ ಒಂದು ವಿಳಾಸವಿದೆ: ನೌಕರರು, ಷೇರುದಾರರು, ಯಾರೇ ಆಗಲಿ, ದೂರಿದ್ದರೆ ನೇರವಾಗಿ ಆಡಿಟ್ ಸಮಿತಿಯ ಅಧ್ಯಕ್ಷೆಗೆ ಬರೆಯಬಹುದು. ನಾನೇ ಹಾಕಿದ ಸಾಲು. ಇದುವರೆಗೆ ಒಂದು ದೂರೂ ಹೋಗಿಲ್ಲವಂತೆ. ಎಲ್ಲವನ್ನೂ ಕಳಿಸಿದೆ. ನನ್ನ ಪದ್ಧತಿ, ನನ್ನ ತಪ್ಪು, ನಾನು ಕೊಟ್ಟ ಹೇಳಿಕೆ. ಮೈದುನ ಮಾರಿದ್ದನ್ನೂ ಬಿಡಲಿಲ್ಲ. ಅಕ್ಕನ ಕಣ್ಣಿನ ವಿಷಯ ಮಾತ್ರ ಬರೆಯಲಿಲ್ಲ, ಅದು ಅವರು ಹೇಳಬೇಕಾದದ್ದು.

ಕೆಲಸ ಹೋಗಬಹುದು. ಹೋಗಲಿ ಅನ್ನುವಷ್ಟು ಧೈರ್ಯವಿಲ್ಲ. ಭಯವಿದೆ.

12.50

ಅಧ್ಯಕ್ಷೆಯ ಉತ್ತರ ಬಂತು, ಎರಡೇ ಸಾಲು. ಅಕ್ಕನಿಗೆ ಅವರೇ ಫೋನ್ ಮಾಡಿದ್ದಾರಂತೆ, ತಪ್ಪು ವೆಬ್‌ಸೈಟಿನದು ಎಂದು ತಿಳಿಸಿದ್ದಾರಂತೆ. ಹೇಳಿಕೆ ಯಾರದೆಂದು ಹೇಳಿಲ್ಲ. ‘ಅದನ್ನು ನೀವೇ ಹೇಳುವುದು ಒಳ್ಳೆಯದು.’

ಫೋನ್ ಬಡಿದುಕೊಳ್ಳುತ್ತಿದೆ. ಅಕ್ಕನದೇ. ಸಂತೋಷ ಹಂಚಿಕೊಳ್ಳಲು ಮಾಡಿರುತ್ತಾರೆ, ಮೊದಲು ನನಗೇ. ಎತ್ತುತ್ತೇನೆ. ಅವರು ಬಾಯಿ ತೆರೆಯುವ ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಇವತ್ತೂ ಆಗುವುದಿಲ್ಲ. ಅಕ್ಕಾ, ಕಣ್ಣಾರೆ ಕಂಡೆ ಅಂದವಳು —