ಹೊಳೆಯುವ ಬಿಲ್ಲೆ

ಅಂಗಡಿಯಿಂದ,
ಬುಧವಾರ, ಕುಲುಮೆ ಹೊತ್ತಿಸದ ದಿನ

ಪ್ರೀತಿಯ ಚೂಟಿಗೆ,

ನಿನ್ನ ಮಾವ ಮಾಡುವ ಆಶೀರ್ವಾದಗಳು. ಕಾಗದದ ಮೇಲೆ ಮಸಿ ಬೆರಳಿನ ಗುರುತು ಬಿದ್ದಿದ್ದರೆ ಅದನ್ನೂ ಆಶೀರ್ವಾದವೆಂದೇ ತಿಳಿದುಕೋ. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಕೈತುಂಬ ಕೆಲಸವಿತ್ತು, ಅದಕ್ಕೇ ತಡವಾಯಿತು ಎಂದು ಬರೆದರೆ ನೀನು ನಂಬುತ್ತಿದ್ದೆ. ಈ ಪೇಟೆಯಲ್ಲಿ ನನ್ನಂಥ ಕಲಾಯಿಗಾರ ಇನ್ನೊಬ್ಬನಿಲ್ಲವಲ್ಲ. ನಾನು ಕಲಾಯಿ ಹಾಕಿದ ಪಾತ್ರೆಯಲ್ಲಿ ಮುಖ ನೋಡಿಕೊಂಡು ಗಡ್ಡ ಹೆರೆದುಕೊಳ್ಳುವವರಿದ್ದಾರೆ. ಆದರೆ ತಡವಾದದ್ದು ಕೆಲಸದಿಂದಲ್ಲ. ಕಷ್ಟದ ಸುದ್ದಿ ಬರೆಯುವುದು ಹೇಗೆಂದು ನಮ್ಮ ಹಳ್ಳಿ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನ ತನಕ ಹೇಳಿಕೊಡಲಿಲ್ಲ. ಐದನೇ ಕ್ಲಾಸಿಗೆ ನಾನು ಹೋಗಲಿಲ್ಲ.

ನೀನು ಕೇಳಿದ್ದು ಒಂದೇ ಮಾತು. "ಅಮ್ಮನಿಗೆ ಈ ಸಲವಾದರೂ ಬಿಲ್ಲೆ ಕೊಟ್ಟರಾ ಮಾವ?"

ಬಿಲ್ಲೆ ಇಲ್ಲದವರು ಪ್ರಭುವಿನ ಮೇಜಿಗೆ ಬರಬಾರದು, ರೊಟ್ಟಿ ದ್ರಾಕ್ಷಾರಸ ಮುಟ್ಟಬಾರದು ಎಂದು ನಿಯಮ ಮಾಡಿದವರು ಚರ್ಚಿನ ಹಿರಿಯರು. ಆ ಬಿಲ್ಲೆಗಳನ್ನು ತವರದಲ್ಲಿ ಎರಕ ಹೊಯ್ದವನು ನನ್ನ ಅಪ್ಪ, ನಿನ್ನ ತಾತ. ಒಂದು ಕಡೆ ಶಿಲುಬೆ, ಇನ್ನೊಂದು ಕಡೆ ಮೇಜು. ಅಂದರೆ ಈ ಊರಿನಲ್ಲಿ ಯಾರು ಪರಿಶುದ್ಧರು ಎಂಬುದರ ಅಚ್ಚು ನಮ್ಮ ಮನೆಯ ಅಟ್ಟದ ಮೇಲಿತ್ತು. ನಾನು ಹೀಗೆ ಕೊಚ್ಚಿಕೊಂಡಾಗಲೆಲ್ಲ ನಿನ್ನ ಅಮ್ಮ, "ನಾಲಿಗೆಗೂ ಸ್ವಲ್ಪ ಕಲಾಯಿ ಹಾಕ್ಕೊಳ್ಳೋ" ಎನ್ನುತ್ತಿದ್ದಳು.

ಅಕ್ಕನ ಎದೆ ಈ ಚಳಿಯಲ್ಲಿ ಪೂರ್ತಿ ಕೆಟ್ಟಿತು. ಎರಡು ಮೆಟ್ಟಿಲು ಹತ್ತಿದರೆ ಉಸಿರು ಸಿಳ್ಳು ಹೊಡೆಯುತ್ತದೆ. ಡಾಕ್ಟರಮ್ಮ ನನ್ನನ್ನು ಬಾಗಿಲಾಚೆ ಕರೆದು, "ಅವರಿಗೆ ಏನು ಇಷ್ಟವೋ ಅದನ್ನ ಮಾಡಿಕೊಡಿ" ಎಂದರು. ಅವಳಿಗೆ ಇಷ್ಟವಿದ್ದದ್ದು ಇನ್ನೊಂದು ಸಲ ಆ ಮೇಜಿಗೆ ಕೂರುವುದು, ಅಷ್ಟೇ.

ಮೇಜಿನ ಭಾನುವಾರದ ಹಿಂದಿನ ದಿನ ದೊಡ್ಡ ಹಿರಿಯ ಅಂಗಡಿಗೆ ಬಂದ. ಅದೇ, ನಾನು ಅಳತೆಗೋಲು ಎಂದು ಹೆಸರಿಟ್ಟವನು, ಚರ್ಚಿನ ಬಾಗಿಲಲ್ಲಿ ನಿಂತು ಹೆಂಗಸರ ಲಂಗದ ಅಂಚು ಎಲ್ಲಿಗೆ ಬಂದಿದೆ ಎಂದು ಕಣ್ಣಲ್ಲೇ ಅಳೆಯುವವನು. ಕೈಯಲ್ಲಿ ಮೇಜಿನ ತಾಮ್ರದ ಬಟ್ಟಲು.

"ಉಜ್ಜಿಕೊಡು, ನಾಳೆಗೆ ಬೇಕು."

ಬಗ್ಗಿ ನೋಡಿದೆ. "ಒಳಗೆ ಹಸಿರು ಕಟ್ಟಿದೆ, ಹಿರಿಯರೇ. ಕಲಾಯಿ ಹಾಕದಿದ್ರೆ ಕುಡಿದವರ ಹೊಟ್ಟೆ ಕೆಡುತ್ತೆ."

"ಒಳಗೆ ಯಾರು ನೋಡ್ತಾರಯ್ಯ? ಹೊರಗೆ ಫಳಫಳ ಅಂದ್ರೆ ಸಾಕು."

"ಕುಡಿಯೋದು ಒಳಗಿಂದ ಅಲ್ವಾ?"

"ನಿನಗೆ ನಾಲಿಗೆ ಉದ್ದ."

ಉದ್ದ ಇದ್ದೇ ಇದೆಯಲ್ಲ ಎಂದು ಅಕ್ಕನ ಬಿಲ್ಲೆಯ ಮಾತನ್ನೂ ಎತ್ತಿದೆ. ಅವನಿಗೆ ಕೋಪ ಬರಲಿಲ್ಲ. ಅವನಿಗೆ ಕೋಪ ಬರುವುದೇ ಇಲ್ಲ, ಅದೇ ಕಷ್ಟ. ನಿಧಾನವಾಗಿ ಹೇಳಿದ: "ನಿಮ್ಮಕ್ಕನ ಮಗಳು ಗಂಡನ ಮನೆ ಬಿಟ್ಟು ಹೋದವಳು. ನಿಮ್ಮಕ್ಕ ಅವಳಿಗೆ ಇನ್ನೂ ಕಾಗದ ಬರೀತಾಳೆ. ಸಭೆಯ ಮುಂದೆ ನಿಂತು, ಅವಳು ನನ್ನ ಮಗಳಲ್ಲ ಅಂತ ಒಂದು ಮಾತು ಹೇಳಲಿ. ಬಿಲ್ಲೆ ನಾನೇ ಮನೆಗೆ ತಂದುಕೊಡ್ತೀನಿ."

"ಆ ಗಂಡ ಅವಳ ಮೂಗು ಮುರಿದ. ಅವನಿಗೆ ಬಿಲ್ಲೆ ಕೊಟ್ಟಿದ್ದೀರಿ."

"ಹೆಂಡತಿ ಮನೆ ಬಿಡಬಾರದು ಅಂತ ನಮ್ಮ ನಿಯಮದಲ್ಲಿ ಬರೆದಿದೆ. ಗಂಡ ಕೈ ಎತ್ತಬಾರದು ಅಂತ ಎಲ್ಲಿ ಬರೆದಿದೆ, ತೋರಿಸು."

ಅವನು ಹೋದ ಮೇಲೆ ಎರಡು ಕೆಲಸ ಮಾಡಿದೆ. ಬಟ್ಟಲಿಗೆ ಒಳಗೂ ಕಲಾಯಿ ಹಾಕಿದೆ, ನನ್ನ ಅಕ್ಕ ಅದರಲ್ಲಿ ಕುಡಿಯಬೇಕಲ್ಲ. ಆಮೇಲೆ ಅಟ್ಟದಿಂದ ಅಚ್ಚು ಇಳಿಸಿ, ತವರ ಕಾಯಿಸಿ, ಒಂದು ಬಿಲ್ಲೆ ಹೊಯ್ದೆ. ಅಂಚು ಅರ ಹಾಕಿ, ಬಟ್ಟೆಯಿಂದ ತಿಕ್ಕಿ ತಿಕ್ಕಿ ಬೆಳಕಿಗೆ ಹಿಡಿದೆ. ಅಪ್ಪನ ಕೈಯಿಂದಲೂ ಅಂಥದ್ದು ಬಂದಿರಲಿಲ್ಲ, ಸುಳ್ಳಲ್ಲ.

ಅಕ್ಕನಿಗೆ, "ಹಿರಿಯರು ಮನಸ್ಸು ಬದಲಾಯಿಸಿದ್ರು ಕಣೇ, ನನ್ನ ಕೈಲಿ ಕಳಿಸಿದ್ರು" ಎಂದೆ. ಅವಳು ಬಿಲ್ಲೆಯನ್ನು ಎರಡೂ ಕಡೆ ತಿರುಗಿಸಿ ನೋಡಿದಳು. "ನನ್ನ ಚೂಟೀನ ಬಿಡದೇನೇ ಕೊಟ್ರೇನೋ? ಅವಳು ನನ್ನ ಮಗಳಾಗಿದ್ದುಕೊಂಡೇ?" ಹೂಂ ಎಂದೆ. ಬೆಳಿಗ್ಗೆ ಎಬ್ಬಿಸಲು ಹೋದಾಗ ಬಿಲ್ಲೆ ಅವಳ ಮುಷ್ಟಿಯಲ್ಲೇ ಇತ್ತು. ಶಿಲುಬೆ ಅಂಗೈಯಲ್ಲಿ ಅಚ್ಚೊತ್ತಿತ್ತು.

ಅವತ್ತು ಪಾದ್ರಿಯವರು ಓದಿದ ಪಾಠ ಯಾವುದು ಗೊತ್ತೇ? ಬಟ್ಟಲಿನ ಹೊರಗನ್ನು ಮಾತ್ರ ಉಜ್ಜುವವರನ್ನು ಪ್ರಭು ಗದರಿಸಿದ್ದು. ಅಳತೆಗೋಲು ಮುಂದಿನ ಬೆಂಚಿನಲ್ಲಿ ಕಣ್ಣು ಮುಚ್ಚಿ ತಲೆದೂಗುತ್ತಿದ್ದ. ನಾನು ನಗು ತಡೆಯಲಾರದೆ ಕೆಮ್ಮಿದೆ. ಶನಿವಾರದ ಬಟ್ಟಲಿನ ಕಥೆಯನ್ನಷ್ಟೇ ಅಕ್ಕನಿಗೆ ಹೇಳಿದ್ದೆನಲ್ಲ, ಅವಳೂ ಬಾಯಿಗೆ ಸೆರಗು ಹಿಡಿದಳು. ನಾವಿಬ್ಬರೂ ಒಟ್ಟಿಗೆ ನಕ್ಕದ್ದು ಅದೇ ಕೊನೆ.

ಮೇಜಿಗೆ ಕೂತವರ ಮುಂದೆ ತಟ್ಟೆ ಬಂತು. ಒಬ್ಬೊಬ್ಬರೇ ಬಿಲ್ಲೆ ಹಾಕಿದರು. ಆ ಬಿಲ್ಲೆಗಳೆಲ್ಲ ಅಪ್ಪನ ಕಾಲದಿಂದ ಕೈಯಿಂದ ಕೈಗೆ ಹೋಗಿ, ಬೆವರು ಕುಡಿದು ಒಲೆಬೂದಿಯ ಬಣ್ಣಕ್ಕೆ ತಿರುಗಿವೆ. ಅಕ್ಕನದು ಮಾತ್ರ ಕನ್ನಡಿ. ಕಳ್ಳ ಬಿಲ್ಲೆಗೆ ಒಂದಿಷ್ಟು ಬೂದಿ ಹಚ್ಚಬೇಕು ಎಂಬ ಬುದ್ಧಿ ಎಂಥ ದಡ್ಡನಿಗೂ ಹೊಳೆಯುತ್ತದೆ. ನನಗೆ ಹೊಳೆಯಲಿಲ್ಲ. ಮಂಕಾದ ವಸ್ತು ನನ್ನ ಅಂಗಡಿಯಿಂದ ಹೊರಗೆ ಹೋಗಬಾರದು ಎಂಬ ಜಂಬ ನನ್ನದು.

ಅಳತೆಗೋಲು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. "ಇದನ್ನ ಯಾರು ಕೊಟ್ರಮ್ಮ?"

"ನೀವೇ ಕಳಿಸಿದ್ದಲ್ವಾ, ಹಿರಿಯರೇ. ನನ್ನ ತಮ್ಮನ ಕೈಲಿ."

"ನಾನು ಕಳಿಸಿಲ್ಲ."

ನಾನು ಎದ್ದು ನಿಂತೆ. "ನಾನು ಮಾಡಿದ್ದು. ಅವಳಿಗೆ ಗೊತ್ತಿಲ್ಲ. ನನ್ನನ್ನ ಹೊರಗೆ ಹಾಕಿ, ಅವಳು ಕೂತಿರಲಿ."

"ನಿನ್ನ ವಿಷಯ ಆಮೇಲೆ. ಮೊದಲು ಮೇಜು ಶುದ್ಧವಾಗಲಿ" ಎಂದು, ಅಕ್ಕನ ಮೊಣಕೈ ಹಿಡಿದು, ಬಹಳ ಮೃದುವಾಗಿ ಎಬ್ಬಿಸಿದ. ಪಾದ್ರಿಯವರು ಕೈಯಲ್ಲಿದ್ದ ರೊಟ್ಟಿಯನ್ನೇ ನೋಡುತ್ತಿದ್ದರು. ಅವಳು ಹಿಂದಿನ ಬೆಂಚಿನ ತನಕ ನಡೆದಳು. ಆ ಸಿಳ್ಳು ಉಸಿರು ಇಡೀ ಚರ್ಚಿಗೆ ಕೇಳುತ್ತಿತ್ತು. ಆಮೇಲೆ ಬಟ್ಟಲು ಸುತ್ತು ಬಂತು. ನಿನ್ನ ಮೂಗು ಮುರಿದವನು ನನ್ನ ಕಲಾಯಿಯ ಬಟ್ಟಲಿನಿಂದ ಕುಡಿದು ತುಟಿ ಒರೆಸಿಕೊಂಡ.

ಮನೆಗೆ ಬಂದು ನಾನು ಇನ್ನೊಂದು ಅಧಿಕಪ್ರಸಂಗ ಮಾಡಿದೆ. ರೊಟ್ಟಿ ಮುರಿದು, ಪಾದ್ರಿ ಹೇಳುವ ಮಾತುಗಳನ್ನು ನನಗೆ ಬಂದಷ್ಟು ಹೇಳಿ, ಅವಳ ಮುಂದೆ ಹಿಡಿದೆ. ಅವಳು ಮುಖ ತಿರುಗಿಸಿದಳು. "ಇದು ಬರೀ ರೊಟ್ಟಿ ಕಣೋ. ಕಳ್ಳ ಬಿಲ್ಲೆ ಹಿಡ್ಕೊಂಡು ದೇವರ ಮುಂದೆ ಕೂತೆನಲ್ಲೋ. ಅವರು ಹೇಳೋದೇ ಸರಿ ಇರಬೇಕು."

ನಾನು ಕೂಗಾಡಿದೆ. ಅವರದು ದೇವರ ಮೇಜಲ್ಲ, ಅವರ ಮನೆ ಮೇಜು ಎಂದೆ. ಅವಳು ಗೋಡೆ ಕಡೆ ತಿರುಗಿ ಮಲಗಿದಳು. ಅವರು ಹೊರಗೆ ಹಾಕಿದ್ದನ್ನು ನಾನು ಹೇಗಾದರೂ ತಡೆದುಕೊಳ್ಳುತ್ತಿದ್ದೆ, ಚೂಟಿ. ಅವರ ಮಾತು ಅವಳ ಒಳಗೆ ಹೋಗಿ ಕೂತಿದೆ, ಅದನ್ನು ಹೇಗೆ ತೆಗೆಯಲಿ?

ಇನ್ನು ನನಗೂ ಬಿಲ್ಲೆ ಇಲ್ಲ ಎಂದು ಹೇಳಿ, ಬಿಲ್ಲೆಯ ಅಚ್ಚನ್ನು ಸಭೆಯವರು ಬಂದು ಒಯ್ದರು. ಮಾರನೆಯ ವಾರ ಅಳತೆಗೋಲು ಒಂದು ಡಬ್ಬಿ ತಂದಿಟ್ಟ. "ನಿನ್ನ ಬಿಲ್ಲೆ ಚೆನ್ನಾಗಿ ಕಾಣ್ತಿತ್ತು. ಹಳೆಯವನ್ನೂ ಹಾಗೇ ಹೊಳೆಸಿಕೊಡು." ಡಬ್ಬಿ ಮೂಲೆಯಲ್ಲಿದೆ. ನಾನಿನ್ನೂ ಮುಚ್ಚಳ ತೆಗೆದಿಲ್ಲ.

ನೀನು ಹೊಟ್ಟೆಗೆ ಸರಿಯಾಗಿ ತಿನ್ನು. ನಿನ್ನ ಹೊಲಿಗೆ ಮಿಷನ್ನಿನ ಪೆಡಲು ಕಿರುಗುಟ್ಟುತ್ತದೆ ಎಂದು ಹಿಂದೆ ನೀನು ಬರೆದಿದ್ದೆ, ಎರಡು ಹನಿ ಎಣ್ಣೆ ಬಿಡು, ರಿಪೇರಿಯವನನ್ನು ಕರೆಯಬೇಡ, ಅವರೆಲ್ಲ ನನ್ನ ಕಾಲ ಧೂಳಿಗೂ ಸಮ ಇಲ್ಲ. ಎಲ್ಲಿದ್ದರೂ ನಿನ್ನ ಮನೆಯ ಬಾಗಿಲು ನಿನ್ನ ಕೈಯಲ್ಲೇ ಇರಲಿ, ನಿನ್ನ ಮೇಲೆ ಕೈ ಎತ್ತುವವರು ಯಾರೂ ಅದರೊಳಗೆ ಬಾರದಿರಲಿ. ಯಾರ ಬಿಲ್ಲೆಯೂ ಇಲ್ಲದ ನಿನ್ನ ಮಾವನ ಆಶೀರ್ವಾದ ಇಷ್ಟೇ.

ಇಂತಿ,
ನಿನ್ನ ಮಾವ
(ಪೇಟೆಗೆ ಒಬ್ಬನೇ ಕಲಾಯಿಗಾರ)

ಮರೆತ ಮಾತು: ಮರೆತಿರಲಿಲ್ಲ. ಈ ಕಾಗದ ಬರೆಯಲು ಹೇಳಿದವಳು ನಿನ್ನ ಅಮ್ಮ. "ಇನ್ನು ಕಾಗದ ಬರೀಬೇಡ ಅಂತ ಅವಳಿಗೆ ತಿಳಿಸು, ಒಂದೇ ಸಾಲು ಸಾಕು" ಎಂದಿದ್ದಳು. ಬರುವ ಭಾನುವಾರ ಅವಳು ಸಭೆಯ ಮುಂದೆ ನಿಂತು ಅಳತೆಗೋಲು ಕೇಳಿದ ಆ ಮಾತು ಹೇಳುತ್ತಾಳೆ. ಇಷ್ಟು ದಿನದಿಂದ ಕೋಣೆಯಲ್ಲಿ ಒಬ್ಬಳೇ ಅಭ್ಯಾಸ ಮಾಡುತ್ತಿದ್ದಳು. ನಾನು ಗೋಡೆಯಾಚೆ ಕೇಳುತ್ತಿದ್ದೆ. ಉಳಿದದ್ದೆಲ್ಲ ಸರಾಗವಾಗಿ ಹೇಳಿ, ನಿನ್ನ ಹೆಸರು ಬಂದಾಗ ನಿಂತುಬಿಡುತ್ತಿದ್ದಳು. ಕೆಮ್ಮುತ್ತಿದ್ದಳು. ಮತ್ತೆ ಮೊದಲಿಂದ. ಅಲ್ಲಿ ನಿಲ್ಲುತ್ತಾಳಲ್ಲ ಎಂಬ ಒಂದೇ ಧೈರ್ಯದಲ್ಲಿ ನಾನು ಕಾಗದವನ್ನು ಮುಂದಕ್ಕೆ ಹಾಕುತ್ತಾ ಬಂದೆ. ಇವತ್ತು ಬೆಳಿಗ್ಗೆ ಎಲ್ಲೂ ನಿಲ್ಲದೆ ಹೇಳಿ ಮುಗಿಸಿದಳು.