ಭಾನುವಾರ ನೋಡಿದ ಕಾಲೇಜು

ಮಾರ್ಚ್ ೩, ಬೆಳಗ್ಗೆ

ತಂಗೀ, ನಿನ್ನ ಮಂಡಿ ಹೇಗಿದೆ? ನಿನ್ನ ಯಜಮಾನರ ಕೆಮ್ಮು? ನಿಮ್ಮ ಪಕ್ಕದ ಮನೆ ಗುಂಡಣ್ಣ ಹಲ್ಲು ಕಟ್ಟಿಸಿಕೊಂಡನೋ, ಇನ್ನೂ ಬೊಚ್ಚುಬಾಯಲ್ಲೇ ಜಂಬ ಕೊಚ್ಚುತ್ತಿದ್ದಾನೋ? ಇದು ಡೈರಿ, ಅಂಚೆಗೆ ಹೋಗುವುದಿಲ್ಲ. ನಿನಗೆಂದು ಬರೆದರೆ ಕೈ ಓಡುತ್ತದೆ, ಅಷ್ಟೆ.

ಎರಡು ಆಫೀಸು ಗುಡಿಸಿ ಒರೆಸಿ ಬಂದೆವು. ಸೊಸೆಯ ಮನಸ್ಸು ಮಾತ್ರ ಬೇರೆಲ್ಲೋ. ಎಂಬಿಎ ಓದಿ ನಮ್ಮ ಕ್ಲೀನಿಂಗ್ ಕಂಪನಿ ಬೆಳೆಸುವ ಆಸೆ. ಸಂಜೆ ಕ್ಲಾಸು. ತಿಂಗಳ ಕೊನೆಯೊಳಗೆ ಅರ್ಜಿ ಹಾಕಬೇಕು. ಕಾಲೇಜು ನೋಡಿಕೊಂಡು ಬಾ ಅಂದರೆ—

"ಬೇಡ ಅತ್ತೆ. ಅಲ್ಲೆಲ್ಲ ಚಿಕ್ಕ ಹುಡುಗರು. ನಲವತ್ತರ ಹೆಂಗಸು ಹೋಗಿ ನಿಂತ್ರೆ ಯಾರದೋ ಅಮ್ಮ ಅಂದ್ಕೋತಾರೆ. ನೋಡಿಬಿಟ್ರೆ ಇರೋ ಧೈರ್ಯನೂ ಹೋಗುತ್ತೆ."

ಮಗ ಫೋನಿನಿಂದ ತಲೆಯೆತ್ತದೆ, "ವೆಬ್‌ಸೈಟಲ್ಲಿ ವಿಡಿಯೋ ಇದೆಯಲ್ಲಮ್ಮ."

"ವಿಡಿಯೋದಲ್ಲಿ ಊಟ ನೋಡಿದ್ರೆ ಹೊಟ್ಟೆ ತುಂಬುತ್ತೇನೋ ದೊರೆ?"

ಮಾರ್ಚ್ ೯, ಭಾನುವಾರ

ಸೊಸೆಯನ್ನು ಎಳೆದುಕೊಂಡೇ ಹೋದೆ. ಎರಡು ಬಸ್ಸು. ಗೇಟಿಗೆ ಬೀಗ!

"ಭಾನುವಾರ ಯಾವ ಕಾಲೇಜು ಇರುತ್ತಮ್ಮಾ?" ಅಂದ ಕಾವಲುಗಾರ.

ಬೆಪ್ಪಾದೆ. ನನಗೆ ಹೊಳೆಯಬೇಕಾದರೂ ಹೇಗೆ? ಆಫೀಸು, ಸ್ಕೂಲು ಎಲ್ಲ ನಾನು ನೋಡಿರುವುದೇ ರಜೆಯ ದಿನ, ಜನ ಇಲ್ಲದಾಗ, ಬಕೆಟ್ಟು ಹಿಡಿದು. ಕಟ್ಟಡ ನೋಡುವುದೆಂದರೆ ನನ್ನ ಪಾಲಿಗೆ ಖಾಲಿ ಕಟ್ಟಡ ನೋಡುವುದು.

ಸೊಸೆ ನಕ್ಕೂ ನಕ್ಕೂ ಕಲ್ಲುಕಟ್ಟೆಯ ಮೇಲೆ ಕುಸಿದಳು. ಪುಣ್ಯಾತ್ಮ ಕನಿಕರದಿಂದ ಒಂದು ಕ್ಲಾಸ್‌ರೂಮು ತೆಗೆದು ತೋರಿಸಿದ. ನಾನು ಅಭ್ಯಾಸಬಲದಿಂದ ಕಿಟಕಿಯ ಅಂಚಿಗೆ ಬೆರಳೆಳೆದೆ. ಧೂಳು. ತಿರುಗಿದರೆ ಇವಳು ಬೆಂಚಿನಲ್ಲಿ ಕೂತಿದ್ದಾಳೆ, ಬ್ಯಾಗು ಮಡಿಲಲ್ಲಿ, ಕಣ್ಣು ಬೋರ್ಡಿನ ಮೇಲೆ.

"ಹೆಂಗಿದೆಯೇ?"

"ಸೀಟು ಸರಿಯಾಗಿದೆ ಅತ್ತೆ. ಪಕ್ಕದಲ್ಲಿ ಯಾರು ಕೂರ್ತಾರೆ ಅನ್ನೋದೇ ಗೊತ್ತಾಗ್ಲಿಲ್ಲ."

ಮಾರ್ಚ್ ೧೧

ಆ ಮಾತೇ ಇಲ್ಲ. ನಾನೂ ಕೆದಕಲಿಲ್ಲ…

ಮಾರ್ಚ್ ೧೯, ಬುಧವಾರ

ಸಂಜೆಯ ಕೆಲಸ ನನಗೊಪ್ಪಿಸಿ ಹೋದವಳು ಊಟದ ಹೊತ್ತಿಗೆ ಬಂದಳು. ಒಬ್ಬಳೇ ಕಾಲೇಜಿಗೆ ಹೋಗಿದ್ದಳಂತೆ! ಕ್ಲಾಸಿನಲ್ಲಿ ಕೂರಲು ಮೊದಲೇ ಒಪ್ಪಿಗೆ ಕೇಳಿದ್ದಳಂತೆ. ಕಳ್ಳಿ.

"ಎಲ್ಲ ಚಿಕ್ಕವರೇನೇ?"

"ಜಾಸ್ತಿ ಚಿಕ್ಕವರೇ. ಪಕ್ಕದವನು ಆಂಟಿ ಅಂದ."

ನಾನು ಸೌಟು ಕೆಳಗಿಟ್ಟೆ. "ಆಮೇಲೆ?"

"ನಾನೂ ಕೈಯೆತ್ತಿ ಒಂದು ಉತ್ತರ ಹೇಳಿದೆ. ತಪ್ಪಂತೆ! ನಾನು ಬಿಡ್ತೀನಾ? ಆ ಹುಡುಗ ಬಸ್‌ಸ್ಟಾಪಿನವರೆಗೂ ವಾದ ಮಾಡ್ಕೊಂಡೇ ಬಂದ. ಬಸ್ಸೇ ತಪ್ಪಿತು ಅತ್ತೆ!"

ತಪ್ಪು ಉತ್ತರ ಕೊಟ್ಟವಳ ಮುಖದಲ್ಲಿ ಇಷ್ಟು ಬೆಳಕು ನಾನು ಕಂಡಿರಲಿಲ್ಲ.

ಮಾರ್ಚ್ ೨೮

ಅರ್ಜಿ ಹೋಯಿತು. ಮಗನಿಗೆ ನೆಲ ಒರೆಸಲು ಕಲಿಸುತ್ತಿದ್ದೇನೆ. ಮೂಲೆ ಬಿಟ್ಟು ಊರೆಲ್ಲ ಒರೆಸುತ್ತಾನೆ.

ಏಪ್ರಿಲ್ ೧೧, ಮಧ್ಯಾಹ್ನ

ತಂಗೀ, ನಿನ್ನ ಸುದ್ದಿಯೇ ಇಲ್ಲ. ಒಂದು ಸಾಲಾದರೂ ಬೇಗ ಬರಿ. ಸೊಸೆ ಒಳಗಿನಿಂದ ಕೂಗುತ್ತಿದ್ದಾಳೆ, ಕಾಲೇಜಿನವರು ಇಂಟರ್‌ವ್ಯೂಗೆ ಕರೆ—